ಅತ್ತೆ ಒಪ್ಪಿದ್ದು

ಬ್ರೂವರಿಯ ಹಿಂದಿನ ಕೋಣೆ
ತಾರೀಕು ಹನ್ನೆರಡು, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಪ್ರೀತಿಯ ಅಂತ ಬರೆದದ್ದು ನೋಡಿ ಅತ್ತೆಗೆ ಜ್ವರ ತಲೆಗೇರಿದೆಯೇನೋ ಅಂದುಕೊಳ್ಳಬೇಡ. ಗಟ್ಟಿಯಾಗಿಯೇ ಇದ್ದೇನೆ. ನೀನು ಹೇಗಿದ್ದೀಯ? ಬಿಸಿನೀರಿನ ಪೈಪು ತಗುಲಿ ಸುಟ್ಟುಕೊಂಡಿದ್ದೆಯಲ್ಲ, ಆ ಮಣಿಕಟ್ಟು ವಾಸಿಯಾಯಿತೇ? ಮುಲಾಮು ಹಚ್ಚುವುದನ್ನು ಮರೆತಿರುತ್ತೀಯ, ನನಗೆ ಗೊತ್ತು. ನಿನ್ನ ಅಕ್ಕನ ಮನೆಯಲ್ಲಾದರೂ ಕೂತುಕೊಂಡು ಊಟ ಮಾಡು. ಇಲ್ಲಿಯ ಹಾಗೆ ಟ್ಯಾಂಕಿನ ಪಕ್ಕ ನಿಂತು ಎರಡು ತುತ್ತು ನುಂಗಿ ಓಡಬೇಡ. ನಿನ್ನ ಅಕ್ಕನ ಮಂಡಿನೋವು ಹೇಗಿದೆ ಅಂತ ಕೇಳಿದೆ ಎಂದು ಹೇಳು. ನಾನು ಓದಿದ್ದು ಐದನೇ ತರಗತಿ, ಅದೂ ಪೂರ್ತಿ ಇಲ್ಲ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು, ನಗುವುದಾದರೆ ಒಬ್ಬಳೇ ನಗು.

ನಿನ್ನ ಗಂಡ ಚೆನ್ನಾಗಿದ್ದಾನೆ ಅಂತ ಬರೆಯಬೇಕು, ಆದರೆ ಇಲ್ಲ. ವ್ಯಾನು ತೆಗೆದುಕೊಂಡು ಹೋಗುತ್ತಾನೆ, ಬರುತ್ತಾನೆ, ತಟ್ಟೆ ಅರ್ಧಕ್ಕೇ ಬಿಟ್ಟು ಏಳುತ್ತಾನೆ. ಅಡುಗೆ ನಾನೇ ಮಾಡುತ್ತಿದ್ದೇನೆ. ಮೊನ್ನೆ ಹಾಲು ಒಲೆಯ ಮೇಲಿಟ್ಟು ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದೆ. ಹಾಲೆಲ್ಲ ಸೀದು ತಳ ಕರಿಯಾದ ಮೇಲೆ ಅವನು ಹೊರಗಿನಿಂದ ಓಡಿ ಬಂದು, "ಏನಮ್ಮಾ, ಬೀದಿ ತನಕ ವಾಸನೆ ಹೊಡೀತಿದೆ, ನೀನಿಲ್ಲೇ ಕೂತಿದ್ದೀಯಲ್ಲಾ!" ಅಂದ. ವಯಸ್ಸಾಯಿತು ಕಣೋ, ಮರೆವು ಅಂತ ಹೇಳಿ ಪಾತ್ರೆ ನೆನೆಹಾಕಿದೆ. ಅದಿನ್ನೂ ನೆನೆಯುತ್ತಲೇ ಇದೆ.

ಬಿಯರ್ ಸುದ್ದಿ ಬರೆಯುತ್ತೇನೆ, ಅದಿಲ್ಲದೆ ನಿನಗೆ ಹೊತ್ತು ಹೋಗುವುದಿಲ್ಲ. ಹೊಳೆಯಾಚೆಯ ಸಣ್ಣ ಬ್ರೂವರಿಯನ್ನು ದೊಡ್ಡ ಫ್ಯಾಕ್ಟರಿಯವರು ಕೊಂಡುಕೊಂಡರಂತೆ. ಬೋರ್ಡು ಹಳೆಯದೇ ಇರುತ್ತದೆ, ಬಿಯರು ಮಾತ್ರ ಅವರ ಕೊಳಾಯಿಯಿಂದ ಬರುತ್ತದೆ. ಕುಡಿಯುವವರಿಗೆ ಹೇಳುವುದಿಲ್ಲವಂತೆ. ಕಹಿಗೆ ಹಾಕುವ ಹಾಪ್ಸ್ ಹೂವಿನ ಬೆಳೆ ಈ ಸಲ ಕೈಕೊಟ್ಟಿದೆ, ಬೆಲೆ ಏರುತ್ತದೆ. ನಾಲಿಗೆ ಸುಲಿದುಹೋಗುವಷ್ಟು ಕಹಿ ಬಿಯರಿನ ಹುಚ್ಚು ಇಳಿದು ಜನ ಮತ್ತೆ ತಿಳಿ ಲಾಗರ್ ಬಿಯರ್ ಕೇಳುತ್ತಿದ್ದಾರೆ. ಅಮಲಿಲ್ಲದ ಬಿಯರ್ ಅಂತ ಹೊಸದೊಂದು ಎಲ್ಲ ಅಂಗಡಿಗೂ ಬಂದಿದೆ. ನಿನ್ನ ಗಂಡ ತಂದಿದ್ದ. ಮದುವೆಗೆ ಹೋಗಿ ಊಟ ಮಾಡದೆ ಬಂದ ಹಾಗಿತ್ತು. ನೀನಿದ್ದಿದ್ದರೆ, "ಹಾಗನ್ಬೇಡಿ ಅತ್ತೆ, ಮುಂದೆ ಅದೇ ನಡೆಯೋದು" ಅನ್ನುತ್ತಿದ್ದೆ. ಅನ್ನು, ನೀನು ಅಂದರೆ ಕೇಳುತ್ತೇನೆ.

ಇನ್ನೊಂದು ಸುದ್ದಿ ನಿನ್ನದೇ. ದೊಡ್ಡ ಫ್ಯಾಕ್ಟರಿಯ ಪ್ರಯೋಗಾಲಯಕ್ಕೆ ನಿನ್ನನ್ನು ಕರೆದಿದ್ದಾರೆ, ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು ಅಂತ ನಿನ್ನ ಅಕ್ಕ ಫೋನಿನಲ್ಲಿ ಇವನಿಗೆ ಹೇಳಿದಳು. ಇವನು ನನಗೆ ಹೇಳಲಿಲ್ಲ, ನಾನೇ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆ ಫ್ಯಾಕ್ಟರಿಯಲ್ಲಿ ನಾನು ಲಂಗ ಉಡುವ ವಯಸ್ಸಿನಲ್ಲಿ ಬಾಟಲಿ ತೊಳೆಯಲು ಸೇರಿದವಳು. ವಾಪಸು ಬಂದ ಖಾಲಿ ಬಾಟಲಿಗಳಲ್ಲಿ ಜನ ಸೀಮೆಎಣ್ಣೆ ತುಂಬಿಟ್ಟಿರುತ್ತಿದ್ದರು, ಸೋಪಿನ ನೀರು ಇಟ್ಟಿರುತ್ತಿದ್ದರು. ಸಾಲಿನಲ್ಲಿ ನಿಂತು ಒಂದೊಂದೇ ಬಾಟಲಿ ಮೂಸಿ ಪಕ್ಕಕ್ಕೆ ಎತ್ತಿಡುವುದು ನನ್ನ ಕೆಲಸವಾಗಿತ್ತು. ಅಲ್ಲಿಂದ ರುಚಿ ನೋಡುವ ಕೋಣೆಗೆ ಕರೆದರು. ಕೋಟು ಹಾಕಿದವರ ನಡುವೆ ಚಪ್ಪಲಿ ಬಿಟ್ಟು ಕೂತವಳು ನಾನೊಬ್ಬಳೇ. ಈ ಕಥೆ ನಿನಗೆ ಬಾಯಿಪಾಠ ಆಗಿದೆ. ಆದರೂ ಬರೆದೆ, ಯಾಕೆಂದರೆ ನನ್ನ ಹತ್ತಿರ ಇದ್ದ ಆಸ್ತಿ ಆ ಮೂಗೊಂದೇ. ನೀವಿಬ್ಬರೂ ಈ ಹಳೆಯ ಗೋದಾಮು ಹಿಡಿದು ಬ್ರೂವರಿ ಶುರು ಮಾಡಿದಾಗ ಬಿಯರ್ ಡಬ್ಬಿಯ ಮೇಲೆ ನನ್ನ ಡೊಣ್ಣೆ ಮೂಗಿನ ಚಿತ್ರ ಬಿಡಿಸಿ ಕೆಳಗೆ "ಅತ್ತೆ ಒಪ್ಪಿದ್ದು" ಅಂತ ಅಚ್ಚು ಹಾಕಿಸಿದವಳು ನೀನು. ಬೈದೆ. ಒಳಗೊಳಗೇ ಉಬ್ಬಿಹೋಗಿದ್ದೆ.

ಈಗ ಆ ಶನಿವಾರದ ವಿಷಯ. ಬರೆಯಲು ಕೂತಾಗಿನಿಂದ ಅದನ್ನೇ ಸುತ್ತಿ ಬಳಸಿ ಬರುತ್ತಿದ್ದೇನೆ.

ಬೆಂಚುಗಳ ತುಂಬ ರುಚಿ ನೋಡಲು ಬಂದ ಜನ. ನಾನು ಎಂದಿನ ಹಾಗೆ ನನ್ನ ಕುರ್ಚಿಯಲ್ಲಿ ಕೂತು, ಮಂಜು ಹಿಡಿದ ಲೋಟ ಬೇಡ, ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿ, ಮೊದಲು ಮೂಸಿ, ಆಮೇಲೆ ಗುಟುಕು, ಅಂತ ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಹೊಸ ಲಾಗರ್ ಡಬ್ಬಿಗೆ ತುಂಬುವುದೋ ಬೇಡವೋ ಅಂತ ಅಲ್ಲೇ ಹೇಳಬೇಕಿತ್ತು. ನೀನು ಬಾರ್ಲಿ ಮಾಲ್ಟ್ ಪುಡಿಮಾಡುತ್ತಿದ್ದವಳು ಧೂಳಿಗೆ ಕಟ್ಟಿಕೊಂಡ ಮಾಸ್ಕಿನಲ್ಲೇ ಬಂದು ನಿಂತೆ. ನಾನು ಲೋಟ ಎತ್ತಿದೆ, ಮೂಸಿದೆ, ನಿನ್ನ ಕಡೆ ನೋಡಿದೆ, "ಚೆನ್ನಾಗಿದೆ, ತುಂಬಿಸಿ" ಅಂದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ನೀನು ಮಾಸ್ಕ್ ಇಳಿಸಿ ಮೂಸಿ ನೋಡಿ ಮೆಲ್ಲಗೆ, ನನ್ನ ಕಿವಿಯ ಹತ್ತಿರವೇ, "ಅತ್ತೆ, ಬೆಣ್ಣೆ ವಾಸನೆ ಇದೆ. ಯೀಸ್ಟಿನ ಕೆಲಸ ಇನ್ನೂ ಮುಗಿದಿಲ್ಲ. ಇನ್ನೊಂದು ವಾರ ಟ್ಯಾಂಕಲ್ಲೇ ಇರ್ಲಿ" ಅಂದೆ. ನೀನು ಮೆಲ್ಲಗೇ ಅಂದೆ ತಾಯಿ, ನನ್ನ ಮಾನ ಉಳಿಸಲೆಂದೇ. ನಾನೇ ಜೋರಾಗಿ, "ಏನು? ಬೆಣ್ಣೆಯಾ?" ಅಂದದ್ದು. ನೀನು ಎರಡು ಲೋಟ ತಂದೆ, ಒಂದು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದ್ದು, ಒಂದು ಹಾಗೇ ತಣ್ಣಗಿದ್ದದ್ದು. ಬೆಚ್ಚಗಿನದರಲ್ಲಿ ಬೆಣ್ಣೆ ಎದ್ದು ಬಂದರೆ ಬಿಯರು ಇನ್ನೂ ಹಸಿ, ಅದು ನನಗೂ ಗೊತ್ತು. "ಮೂಸಿ ನೋಡಿ ಅತ್ತೆ, ಒಂದೇ ಸಲ" ಅಂತ ಲೋಟ ನನ್ನ ಮುಖದ ಹತ್ತಿರ ಹಿಡಿದೆ.

ನಾನು ಎರಡನ್ನೂ ಕಿತ್ತುಕೊಂಡು ಮೋರಿಗೆ ಸುರಿದೆ. "ಬೆಣ್ಣೆ ಇರೋದು ನಿನ್ನ ತಲೇಲಿ! ಪುಸ್ತಕ ಓದಿ ಮೂಗು ಬೆಳೆಸ್ಕೊಂಡೋಳು ನೀನು, ನನಗೆ ವಾಸನೆ ಕಲಿಸ್ತೀಯಾ?" ಅಂದೆ. ಅಷ್ಟು ಜನರ ಎದುರು. ಯಾರೋ ಕಿಸಕ್ಕೆಂದು ನಕ್ಕರು. ನಿನ್ನ ಗಂಡ ನೆಲ ನೋಡಿಕೊಂಡು, "ಅಮ್ಮ ಹೇಳಿದ್ಮೇಲೆ ಮುಗೀತು" ಅಂದ. ನೀನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, "ನಮ್ಮಿಬ್ಬರದೂ ಒಂದೇ ಮೂಗು ಅಂದ್ಕೊಂಡಿದ್ದೆ ಅತ್ತೆ" ಅಂದೆ. ಅಷ್ಟೇ ಅಂದು ಹೋದೆ. ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಖುಷಿಪಡುತ್ತಿದ್ದೆಯಲ್ಲ, ಅತ್ತೆಗೂ ನನಗೂ ಒಂದೇ ಮೂಗು, ನಾನು ಬಾಯಿ ಬಿಡೋ ಮೊದಲೇ ಅವರು ಹೇಳಿಬಿಡ್ತಾರೆ ಅಂತ. ಆ ಏಪ್ರನ್ ಅಲ್ಲೇ ಇದೆ. ಒಗೆಯಲು ತೆಗೆದೆ, ಮತ್ತೆ ಅಲ್ಲೇ ಹಾಕಿದೆ.

ಮುಂದಿನದು ನೀನು ಓದಿಯೇ ಇರುತ್ತೀಯ. ವಾರದ ಪತ್ರಿಕೆಯಲ್ಲಿ ಬಿಯರ್ ಬಗ್ಗೆ ಬರೆಯುವ ಆ ಗಡ್ಡದವನು, ಅಂಗಡಿಯಲ್ಲಿ ಅದೇ ಲಾಗರ್ ತುಂಬಿದ ನಮ್ಮ ಡಬ್ಬಿ ಕೊಂಡು ಕುಡಿದು, ಸಿನಿಮಾ ಮಂದಿರದ ಬೆಣ್ಣೆ ಪಾಪ್‌ಕಾರ್ನ್ ಕರಗಿಸಿ ಕುಡಿದ ಹಾಗಿದೆ, ಅತ್ತೆ ಯಾಕೆ ಒಪ್ಪಿದಳೋ ಅಂತ ಬರೆದ. ಅಂಗಡಿಯವರು ಒಬ್ಬೊಬ್ಬರಾಗಿ ವಾಪಸು ಕಳಿಸಿದರು. ನಿನ್ನ ಗಂಡ ಒಂದು ಡಬ್ಬಿ ಒಡೆದು ಕುಡಿದು, ಉಳಿದದ್ದನ್ನು ನನ್ನ ಮುಂದೆ ಇಟ್ಟು ಎದ್ದು ಹೋದ. ಅವನು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲ ಡಬ್ಬಿಗಳನ್ನೂ ಒಡೆದು ಮೋರಿಗೆ ಸುರಿದೆವು. ಡಬ್ಬಿ ತುಂಬುವ ಹೆಂಗಸು ಸುರಿಯುತ್ತಾ ಮೂಗು ಮುಚ್ಚಿಕೊಂಡು, "ಅಯ್ಯೋ ದೊಡ್ಡಮ್ಮ, ಇಷ್ಟು ಹೊಡೀತಿದೆಯಲ್ಲ, ನಿಮಗೆ ಹೇಗೆ ಗೊತ್ತಾಗ್ಲಿಲ್ಲ?" ಅಂದಳು. ಕೆಲಸ ನೋಡೇ ಅಂತ ಗದರಿದೆ. ಪ್ರತಿ ಡಬ್ಬಿಯ ಮೇಲೂ ನನ್ನ ಮೂಗು. ಒಂದೊಂದನ್ನೂ ಬಗ್ಗಿಸಿ ಸುರಿಯುವಾಗ ಆ ಮೂಗು ನನ್ನನ್ನೇ ನೋಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತಿನಿಂದ ಬೀದಿಗೆ ಇಳಿದಿಲ್ಲ. ಬ್ರೆಡ್ಡಿನ ಅಂಗಡಿಯವನು ಬಾಗಿಲಿಗೆ ಬಂದು ನಮಸ್ಕಾರ ಅಂದರೂ ಅಣಕಿಸಿದ ಹಾಗೆ ಕೇಳುತ್ತದೆ, ಪಾಪ, ಅವನು ಪತ್ರಿಕೆಯನ್ನೇ ಓದುವುದಿಲ್ಲ.

ನೀನು ಹೇಳಿದ್ದೇ ಸರಿ. ತಪ್ಪು ನನ್ನದು. ಇದನ್ನು ಬರೆಯಲು ಮೂರು ಹಾಳೆ ಹರಿದೆ. ಯಾಕೆ ಹಾಗೆ ಕೂಗಾಡಿದೆ ಅಂತ ಮಾತ್ರ ಕೇಳಬೇಡ. ಕೇಳಿದರೆ ಕೋಪ, ವಯಸ್ಸು, ಅವತ್ತು ನೆಗಡಿ ಅಂತ ಏನಾದರೂ ಬೊಗಳಬೇಕಾಗುತ್ತದೆ. ಫ್ಯಾಕ್ಟರಿಯವರಿಗೆ ಏನು ಉತ್ತರ ಕೊಡುತ್ತೀಯೋ ನಿನಗೆ ಬಿಟ್ಟದ್ದು. ಹೋಗುವುದಾದರೆ ತಲೆಯೆತ್ತಿಕೊಂಡು ಹೋಗು. ಬರುವುದಾದರೆ ಮೊಳೆಯಲ್ಲಿ ಏಪ್ರನ್ ಇದೆ.

ನಿನ್ನ ಅಕ್ಕನಿಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೂ ಒಳ್ಳೆಯದಾಗಲಿ, ಈ ಬಾಯಿಂದ ಬಂದ ಹಾರೈಕೆಗೆ ಬೆಲೆ ಇನ್ನೂ ಇದ್ದರೆ.

ಇಂತಿ,
ನಿನ್ನ ಅತ್ತೆ

ಮರೆತದ್ದು: ನಿನ್ನ ಗಂಡ ವ್ಯಾನಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಅಂಚೆ ಪೆಟ್ಟಿಗೆಗೆ ಹಾಕಿಸಬೇಕು. ಮರೆತದ್ದೇನೂ ಅಲ್ಲ, ಬರೆಯಲಾಗದೆ ಬಿಟ್ಟದ್ದು. ಕಳೆದ ಚಳಿಗಾಲದ ಆ ಜ್ವರ ಬಿಟ್ಟ ಮೇಲೆ ನನಗೆ ವಾಸನೆಯೇ ಇಲ್ಲ. ಹಾಲು ಸೀದರೂ ಇಲ್ಲ, ಮಾಲ್ಟ್ ಬೆಂದರೂ ಇಲ್ಲ. ಅಂದಿನಿಂದ ನಾನು ಮೂಸಿದ್ದು ಬಿಯರನ್ನಲ್ಲ, ನಿನ್ನ ಮುಖವನ್ನು. ಚೆನ್ನಾಗಿದ್ದರೆ ನಿನ್ನ ಎಡ ಕೆನ್ನೆಯಲ್ಲಿ ಗುಳಿ ಬೀಳುತ್ತದೆ, ಕೆಟ್ಟಿದ್ದರೆ ತುಟಿ ಬಿಗಿಯುತ್ತೀಯ. ಅದನ್ನು ನೋಡಿ ನಾನು ದನಿಯೇರಿಸಿ ಹೇಳುತ್ತಿದ್ದೆ. ಆ ಶನಿವಾರ ಮಾಸ್ಕ್ ಇತ್ತು, ಮುಖ ಕಾಣಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಮಾಸ್ಕ್ ಇಳಿಸಿದಾಗ ನಿನ್ನ ತುಟಿ ನೋಡಿದೆ ಕಣೇ. ನೀನು ಸರಿ ಅಂತ ಆಗಲೇ ಗೊತ್ತಾಯಿತು. ಗೊತ್ತಾಗಿಯೂ ಸುರಿದೆ. ನೀನು ಲೋಟ ಮುಖದ ಹತ್ತಿರ ತಂದಾಗ ಎಲ್ಲರ ಎದುರು ಸಿಕ್ಕಿಬೀಳುತ್ತೇನೆ ಅಂತ ಹೆದರಿ ಸುರಿದೆ. ಒಂದೇ ಮೂಗು ಅಂದೆಯಲ್ಲ, ನಿಜ, ಒಂದೇ ಇದ್ದದ್ದು. ನಿನ್ನದು. ಇವನಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ. ಬರುವ ಶನಿವಾರ ಬೆಂಚಿನವರೆಲ್ಲರ ಎದುರು ನಾನೇ ಹೇಳುತ್ತೇನೆ, ನೀನು ಬಂದರೂ ಸರಿ, ಬರದಿದ್ದರೂ ಸರಿ. ಲೇಬಲ್ಲಿನವನಿಗೆ ನನ್ನ ಮೂಗು ತೆಗೆಯಲು ಹೇಳಿಬಿಟ್ಟೆ. ಏನು ಹಾಕಲಿ ದೊಡ್ಡಮ್ಮ ಅಂತ ಕೇಳಿದ. ಏನೂ ಹಾಕಬೇಡ, ಜಾಗ ಬಿಡು ಅಂದಿದ್ದೇನೆ.