ತೋಳಿನ ದಾರ

ವ್ಯಾಯಾಮದ ಡಾಕ್ಟರ್ ಶಾಂಭವಿ ಮೇಡಂ ಅವರಿಗೆ ಮರಳಿ ಊರಿನ ಅಮರಮ್ಮ ಮಾಡುವ ನಮಸ್ಕಾರಗಳು.

ಗಂಗಾವತಿಯಲ್ಲಿ ನೀವು ಕಲಿಸಿದ ಹಾಗೆ ಮರಳು ತುಂಬಿದ ಬಾಟಲಿಗಳನ್ನು ಮೂರು ತಿಂಗಳಿಂದ ಒಂದು ದಿನವೂ ಬಿಡದೆ ಎತ್ತುತ್ತಿದ್ದೇನೆ. "ಅರವತ್ತೈದಾದ್ರೂ ತೋಳು ಬಲೀತಾವ್ರಿ ಅಮ್ಮಾ, ತಡಾ ಆಗತೈತಿ ಅಷ್ಟ" ಎಂದಿದ್ದಿರಿ. ಪ್ರತಿ ಸೋಮವಾರ ತೋಳಿಗೆ ದಾರ ಸುತ್ತಿ ಅಳೆಯುತ್ತೇನೆ. ಮೊದಲ ದಿನ ಹಾಕಿದ ಗಂಟು ಈಗಲೂ ಅಲ್ಲೇ ಕೂಡುತ್ತದೆ.

ಆದರೂ ಸೊಂಟ ಮುರಿದು ಮಲಗಿರುವ ನಮ್ಮ ಮನೆಯವರನ್ನು ಮಂಚದಿಂದ ಕುರ್ಚಿಗೆ ಈಗ ನಾನೊಬ್ಬಳೇ ಎತ್ತಿ ಕೂರಿಸುತ್ತೇನೆ. ಮೊದಲು ಪಕ್ಕದ ಮನೆಯ ದುರುಗೇಶನನ್ನು ಕರೆಯಬೇಕಿತ್ತು. ಅವರಿಗೆ ಉಳಿದಿರುವುದು ಅದೊಂದೇ ಖುಷಿ. "ಇಕಿ ರಟ್ಟಿ ಭಾಳ ಗಟ್ಟಿ ಆಗ್ಯಾವ ನೋಡ್ರಿ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಾರೆ. ದಪ್ಪವಾಗದಿದ್ದರೂ ಬಲ ಬಂತಲ್ಲ ಎಂದು ನಾನೂ ನಂಬಿದ್ದೆ.

ನಿನ್ನೆ ಅವರ ಮೈ ಒರೆಸುವಾಗ ಏನನ್ನಿಸಿತೋ, ಅದೇ ದಾರವನ್ನು ಅವರ ತೊಡೆಗೆ ಸುತ್ತಿದೆ. ನನ್ನ ತೋಳಿನ ಗಂಟು ಅಲ್ಲಿಯೂ ಸರಿಯಾಗಿ ಕೂಡಿತು. ನಾನೊಬ್ಬಳೇ ಎತ್ತುವುದು ಹೇಗೆ ಸಾಧ್ಯವಾಯಿತೆಂದು ಆಗ ತಿಳಿಯಿತು.

"ಏನ ಮಾಡಾಕತ್ತಿ?" ಎಂದರು. "ಏನಿಲ್ರಿ" ಎಂದು ದಾರವನ್ನು ಸೆರಗಿಗೆ ಕಟ್ಟಿಕೊಂಡೆ.

ಬಾಟಲಿಗೆ ಇನ್ನಷ್ಟು ಮರಳು ತುಂಬಲೇ ಎಂದು ಕೇಳಬೇಕೆಂದಿದ್ದೆ. ಈಗ ಅದು ಬೇಡ. ಗುರುವಾರ ನಮ್ಮ ಮನೆಯವರನ್ನು ನೋಡಲು ನೀವು ಬಂದಾಗ ಒಂದು ಉಪಕಾರ ಮಾಡಿ. ಅವರ ಎದುರಿಗೇ ನನ್ನ ರಟ್ಟೆ ಹಿಡಿದು ನೋಡಿ, ಭಾಳ ಗಟ್ಟಿಯಾಗಿವೆ ಎಂದು ಅವರಿಗೆ ಕೇಳಿಸುವಂತೆ ಹೇಳಿ.

ನಿಮ್ಮ ದಾರಿ ಕಾಯುವ,
ಅಮರಮ್ಮ