ಗುಂಡು ತೂರಿದ ಪ್ಲೇಟು

ಚಿತ್ರದುರ್ಗ
೧೨-೭-೨೦೦೬

ರಮ್ಯಾಳ ಅಪ್ಪನಿಗೆ,

ನಿಮ್ಮ ಹಿರಿಯೂರಿನ ಕಾರ್ಖಾನೆಯಲ್ಲಿ, ಪರೀಕ್ಷೆಯಲ್ಲಿ ಗುಂಡು ತೂರಿಹೋದ ಬುಲೆಟ್‌ಪ್ರೂಫ್ ಪ್ಲೇಟನ್ನೂ ನಿಮ್ಮ ಜೊತೆ ಕೆಲಸ ಮಾಡುವ ದೇವಿಕಾ ಎಲ್ಲರಿಗೂ ಕಾಣುವಂತೆ ಗೇಟಿಗೆ ತೂಗುಹಾಕುತ್ತಾಳೆಂದು ಭಾನುವಾರ ಎಷ್ಟು ಹೊಗಳಿದಿರಿ! “ಆ ಹುಡುಗಿ ಏನೂ ಮುಚ್ಚಿಡಲ್ಲ ಕಣೇ, ಎದೆಗಾರಿಕೆ ಐತೆ” ಎಂದಿರಿ. ನಾನು ಕವಿತೆ ಓದಿದರೆ ಆಕಳಿಸುವ ನೀವು ಅವಳ ಪ್ಲೇಟಿನ ಕಥೆ ಹೇಳುತ್ತಾ ಊಟ ಮರೆತಿರಿ. ಹೊಟ್ಟೆ ಉರಿಯಿತು, ಸುಳ್ಳೇಕೆ?

ಮುಂದಿನ ಸೋಮವಾರ ಸೈನ್ಯದವರು ಖರೀದಿಗೆ ಬರುವ ಮೊದಲು ಅದನ್ನು ಇಳಿಸಿಬಿಡಿ ಎಂದು ಮಾಲೀಕರು ನಿಮಗೆ ಹೇಳಿದ್ದಾರಲ್ಲ, ಇಳಿಸಬೇಡಿ. ಅದರ ಜೊತೆಗೇ ತಯಾರಾದ ಪ್ಲೇಟುಗಳನ್ನು ಯಾರದೋ ಮಕ್ಕಳು ಎದೆಗೆ ಕಟ್ಟಿಕೊಳ್ಳುತ್ತಾರೆ. ದೇವಿಕಾಳ ಪಕ್ಕದಲ್ಲೇ ನಿಂತು ಆಗುವುದಿಲ್ಲ ಎನ್ನಿ.

ಆಮೇಲೆ ಬಸ್ ನಿಲ್ದಾಣಕ್ಕೆ ನಡೆದೇ ಹೋಗಿ. ಅವಳ ಸ್ಕೂಟರ್ ಹತ್ತಬೇಡಿ.

ನಿಮ್ಮ ದಾರಿ ಕಾಯುವ,
ಯಶೋಧಾ