ಗಾಯವಾಗದ ಎಡಗಾಲು

ಜುಲೈ 12, ಬೆಳಿಗ್ಗೆ

ಮಳೆ ಬಿದ್ದು ನೆಟ್ಸ್ ಒದ್ದೆ. ಆದರೂ ಓವೈಸ್ ಬೌಲ್ ಮಾಡಿದ, ನಾನು ಹಿಡಿದೆ. ರಿಚರ್ಡ್ಸ್ ಟೌನ್ ಮೈದಾನದಲ್ಲಿ ಎಷ್ಟೋ ವರ್ಷದಿಂದ ಇದೇ ಕೆಲಸ. ಅವನ ಲೆಗ್ ಸ್ಪಿನ್, ನನ್ನ ವಿಕೆಟ್ ಕೀಪಿಂಗ್. ಆಮೇಲೆ ಬೇಕರಿ ಮುಂದೆ ನಿಂತು ಚಹಾ, ಜಗಳ, ಮನೆ.

ನಾಡಿದ್ದು ಲೀಗ್ ಹರಾಜು. ನನಗೆ ಮೂವತ್ತೆರಡು. ಹೋದ ವರ್ಷ ಯಾರೂ ಕೊಳ್ಳಲಿಲ್ಲ, ಅದರ ಹಿಂದಿನ ವರ್ಷವೂ ಇಲ್ಲ. ಈ ಸಲವೂ ಇಲ್ಲವೆಂದರೆ ಮುಗಿಯಿತು. ಕಗ್ಗದಾಸಪುರದಲ್ಲಿ ಅಪ್ಪ ಕಟ್ಟಿಸಿದ ಮನೆಗಳಿಗೆ ನೀರು ಬಂತೇ, ಮೋಟಾರು ಓಡಿತೇ ಎಂದು ನೋಡಿಕೊಂಡು ಹೊಟ್ಟೆ ಬೆಳೆಸುವುದು. ಊಟಕ್ಕೇನೂ ಕೊರತೆ ಇಲ್ಲ. ಆದರೆ ಆಡಬೇಕು. ಲೈಟಿನ ಕೆಳಗೆ, ಟೀವಿಯಲ್ಲಿ, ಒಂದು ಮ್ಯಾಚ್. ಒಂದೇ ಒಂದಾದರೂ ಸಾಕು.

ಹಸಿರು ಜೆರ್ಸಿ ಟೀಮಿನ ಕೋಚ್ ನೆನ್ನೆ ಫೋನ್ ಮಾಡಿದ್ದರು. "ನಮ್ಮಲ್ಲಿ ಕೀಪರ್ ಇಲ್ಲ ಕಣಪ್ಪಾ ಮುನಿರಾಜ್. ನಿನ್ ಹೆಸ್ರು ಬಂದಾಗ ಕೈ ಎತ್ತಿಸ್ತೀನಿ. ಬಂದ್ರೆ ಎಲ್ಲಾ ಮ್ಯಾಚೂ ನೀನೇ." ಹೆಂಡತಿ ಸುಕನ್ಯಳಿಗೆ ಮಾತ್ರ ಹೇಳಿದೆ. ಅಮ್ಮನಿಗೆ ಹೇಳಿದರೆ ಇಡೀ ಬೀದಿಗೆ ಹೇಳಿದ ಹಾಗೆ.

ಜುಲೈ 14, ಸಂಜೆ

ಮಾರಾಟವಾದೆ.

ಶಿವಾಜಿನಗರದಲ್ಲಿ, ಓವೈಸ್ ಮನೆಯಲ್ಲಿ, ಅವರಪ್ಪನ ಸೂಟ್‌ಕೇಸ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಕೂತು ನೋಡಿದ್ದು. ನನ್ನ ಹೆಸರು ಬಂತು. ಹಸಿರಿನವರು ಬೋರ್ಡು ಎತ್ತಿದರು. ಹೇಳಿದ ಮಾತು ಉಳಿಸಿಕೊಂಡರು ಪುಣ್ಯಾತ್ಮರು. ಅಷ್ಟರಲ್ಲಿ ನೀಲಿ ಜೆರ್ಸಿಯವರೂ ಎತ್ತಿದರು. ಮತ್ತೆ ಹಸಿರು. ಮತ್ತೆ ನೀಲಿ. ಎರಡು ವರ್ಷ ನಾಯಿಯೂ ಮೂಸದವನಿಗೆ ಎರಡು ಟೀಮು ಕಿತ್ತಾಡುತ್ತಿವೆ! ಕೊನೆಗೆ ಹಸಿರು ಬೇಡವೆಂದು ತಲೆ ಆಡಿಸಿತು. ಸುತ್ತಿಗೆ ಬಿತ್ತು. ನೀಲಿ.

ಓವೈಸ್ ಎತ್ತಿ ಕುಣಿಸಿದ. ಅವನ ತಾಯಿ ಬಿಲ್ಕೀಸ್ ಆಂಟಿ ಬಾಯಿಗೆ ಸಕ್ಕರೆ ತುರುಕಿದರು. ಆಮೇಲೆ ಅವನ ಹೆಸರು ಬಂತು. ಹರಾಜು ಹಾಕುವವನು ಆ ಕಡೆ ನೋಡಿದ, ಈ ಕಡೆ ನೋಡಿದ. ಯಾರೂ ಕೈ ಎತ್ತಲಿಲ್ಲ. ಅನ್‌ಸೋಲ್ಡ್. ಸೀನುವಷ್ಟು ಹೊತ್ತೂ ಹಿಡಿಯಲಿಲ್ಲ.

ಹಾಲ್‌ನಲ್ಲಿದ್ದವರೆಲ್ಲ ಓವೈಸ್ ಕಡೆ ತಿರುಗಿದರು. ನಾನೇ ಹೇಳಿದೆ. "ಬಿಡು ಮಗಾ, ನಿನ್ ಹೊಟ್ಟೆ ಅಷ್ಟು ದೂರಕ್ಕೂ ಕಾಣ್ಸಿರ್ಬೇಕು."

ನಕ್ಕರು. ಅವನೂ ನಕ್ಕ. ನಕ್ಕು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದವನು ತುಂಬಾ ಹೊತ್ತು ಬರಲಿಲ್ಲ. ನನಗೇನೂ ಬೇಜಾರಾಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. ನಾನು ಒಳಗೆ, ಅವನು ಹೊರಗೆ.

ಜುಲೈ 16

ಬೀದಿ ತುದಿಯಲ್ಲಿ ಫ್ಲೆಕ್ಸ್. "ಕಗ್ಗದಾಸಪುರದ ಹೆಮ್ಮೆಯ ಪುತ್ರ." ಹಾಕಿಸಿದ ಮುಖಂಡನ ಮುಖ ಆಳೆತ್ತರ, ನನ್ನದು ಸ್ಟಾಂಪಿನಷ್ಟು. ಅಮ್ಮ ಮುನೇಶ್ವರನಿಗೆ ಕೋಳಿ ಕೊಡಿಸಿದಳು. ಬಾಡಿಗೆ ಮನೆಯವರೆಲ್ಲ ಸೆಲ್ಫಿಗೆ ಬಂದರು. ಮೋಟಾರು ಕೆಟ್ಟಿದೆ ಎಂದೂ ಹೇಳಿ ಹೋದರು.

ಆಗಸ್ಟ್ 1

ಕ್ಯಾಂಪ್. ಹೋಟೆಲ್. ನೀಲಿಯವರಿಗೆ ಆಗಲೇ ಒಬ್ಬ ಕೀಪರ್ ಇದ್ದಾನೆ. ಇಪ್ಪತ್ತೆರಡರ ಹುಡುಗ, ಕ್ಯಾಪ್ಟನ್‌ಗೆ ಅಚ್ಚುಮೆಚ್ಚು. ಕೈ ಸ್ವಲ್ಪ ಗಟ್ಟಿ, ಚೆಂಡು ಸಿಡಿಯುತ್ತದೆ. ಆದರೆ ಸಿಕ್ಸ್ ಹೊಡೆಯುತ್ತಾನೆ. ಕೋಚ್ ನನ್ನನ್ನು "ಕೀಪರ್ ಟು" ಎಂದೇ ಕರೆಯುತ್ತಾರೆ. ಹೆಸರು ಕೇಳಿಲ್ಲ. ಇರಲಿ. ಇವತ್ತಲ್ಲ ನಾಳೆ ಅವಕಾಶ ಬರಬಹುದು. ಅಷ್ಟು ದುಡ್ಡು ಕೊಟ್ಟು ತಂದವರು ಸುಮ್ಮನೆ ಕೂರಿಸುತ್ತಾರೆಯೇ?

ಆಗಸ್ಟ್ 4

ಕೂರಿಸುತ್ತಾರೆ.

ಮ್ಯಾನೇಜರ್ ಸಂಜೀವಪ್ಪನವರ ಪಕ್ಕದಲ್ಲಿ ಊಟಕ್ಕೆ ಕೂತಿದ್ದೆ. ಒಳ್ಳೆಯ ಮೂಡಿನಲ್ಲಿದ್ದರು. ಕೇಳಿಯೇಬಿಟ್ಟೆ — ಸಾರ್, ಹರಾಜಿನಲ್ಲಿ ನನಗಾಗಿ ಅಷ್ಟು ದೂರ ಹೋದದ್ದು ಯಾಕೆ?

ಅವರು ಮಟನ್ ಮೂಳೆ ಚೀಪುತ್ತಾ ನಕ್ಕರು.

"ನಿಂಗೋಸ್ಕರ ಅಲ್ಲಪ್ಪ. ಹಸ್ರುನೋರ ದುಡ್ಡು ಖಾಲಿ ಮಾಡಿಸ್ಬೇಕಿತ್ತು. ಆಮೇಲೆ ಬರೋ ಫಾಸ್ಟ್ ಬೌಲರ್ ಮೇಲೆ ಇಬ್ಬರಿಗೂ ಕಣ್ಣಿತ್ತಲ್ಲ. ನೀನು ಅವರಿಗೆ ಬೇಕು ಅಂತ ಗೊತ್ತಾಯ್ತು, ರೇಟ್ ಏರ್ಸಿದ್ವಿ. ಇನ್ನೊಂದ್ಸಲ ಎತ್ತುತಾರೆ ಅನ್ಕೊಂಡ್ವಿ. ಬೋಳಿಮಕ್ಳು ಕೈ ಇಳಿಸ್ಬಿಟ್ರು. ನೀನು ನಮ್ ತಲೆಗೆ ಬಿದ್ದೆ."

"ಫಾಸ್ಟ್ ಬೌಲರ್ ಸಿಕ್ಕಿದ್ನಾ ಸಾರ್?"

"ಎಲ್ಲಿ ಸಿಗ್ತಾನೆ? ನಿನಗೆ ಸುರಿದ್ಮೇಲೆ?"

ಮೇಜಿನ ಸುತ್ತ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬೇಕೆಂದು ಕರೆದವರಿಂದ ಬೇಡವೆನ್ನುವವರು ಕಿತ್ತುಕೊಂಡು ಬಂದು ಮೂಲೆಗೆ ಎಸೆದಿದ್ದಾರೆ. ತಾನೂ ತಿನ್ನ, ಪರರಿಗೂ ಕೊಡ ಎನ್ನುತ್ತಾರಲ್ಲ, ಅದು ಇದೇ.

ಆಗಸ್ಟ್ 12

ಬರೆಯಲು ಏನೂ ಇರಲಿಲ್ಲ. ನೀರಿನ ಬಾಟಲಿ ಹೊತ್ತೆ. ಟವಲ್ ಹೊತ್ತೆ. ನಾಲ್ಕು ಮ್ಯಾಚ್ ಆಡಿದ್ದೇವೆ, ಮೂರು ಸೋತಿದ್ದೇವೆ. ಹಸಿರಿನವರ ಮೇಲೂ ಸೋತೆವು. ಅವರ ಕೀಪರ್, ಎಲ್ಲಿಂದಲೋ ಕೊನೆಗೆ ಹುಡುಕಿ ತಂದವನು, ಸುಲಭದ ಕ್ಯಾಚ್ ಬಿಟ್ಟ. ಅವರ ಕೋಚ್ ಬೌಂಡರಿ ಪಕ್ಕ ನನ್ನನ್ನು ನೋಡಿ ಕೈಚೆಲ್ಲಿದರು. ಏನು ಮಾಡಲಿ ಹೇಳು ಎನ್ನುವ ಹಾಗೆ. ನಾನು ನೀರು ಕೊಡಲು ಓಡಿದೆ.

ಆಗಸ್ಟ್ 14, ಮಧ್ಯಾಹ್ನ

ಸಂಜೀವಪ್ಪ ರೂಮಿಗೆ ಕರೆದರು. ಫಿಸಿಯೋ ಕೂಡ ಇದ್ದ. ನನ್ನ ಕಣ್ಣು ತಪ್ಪಿಸುತ್ತಿದ್ದ.

"ನೋಡಪ್ಪ, ನಮ್ ಸ್ಪಿನ್ನರ್‌ಗಳು ಏಟು ತಿಂತಿದ್ದಾರೆ. ಒಬ್ಬ ಲೆಗ್ ಸ್ಪಿನ್ನರ್ ಬೇಕು. ಟೀಮ್ ಫುಲ್ಲು. ಯಾರಾದ್ರೂ ಗಾಯ ಆಗಿ ಹೋದ್ರೇನೇ ಇನ್ನೊಬ್ಬನ್ನ ತರಕ್ಕಾಗೋದು. ವರ್ಷಕ್ಕೆ ಒಂದೇ ಬದಲಿ."

"ಯಾರಿಗೆ ಗಾಯ ಆಗಿದೆ ಸಾರ್?"

"ನಿನಗೆ."

ಎಡಗಾಲಂತೆ. ಪಾದದ ಗಿಣ್ಣಿನ ಹತ್ತಿರವಂತೆ. ನೆಟ್ಸ್‌ನಲ್ಲಿ ಹೊರಳಿತಂತೆ. ಸಂಬಳ ಪೂರ್ತಿ ಕೊಡುತ್ತಾರೆ. ಒಮ್ಮೆ ಗಾಯಾಳು ಎಂದು ಹೊರಗೆ ಹೋದವನು ಈ ಸೀಸನ್‌ನಲ್ಲಿ ವಾಪಸು ಬರುವಂತಿಲ್ಲ, ಲೀಗ್ ನಿಯಮ. ಅದನ್ನೂ ಬಿಡಿಸಿಯೇ ಹೇಳಿದರು, ಸುಳ್ಳು ಹೇಳಲಿಲ್ಲ.

"ನೀನು ಹೆಂಗೂ ಆಡಲ್ಲ. ಹುಷಾರಾಗಿ ಮನೇಲಿರು. ಮುಂದಿನ ವರ್ಷ ನಿನ್ನ ಉಳಿಸ್ಕೊಳ್ತೀವಿ. ನೀನು ಆಗಲ್ಲ ಅಂದ್ರೆ... ಹರಾಜಲ್ಲಿ ಎಲ್ಲ ಟೀಮಿನೋರೂ ಒಂದೇ ಹಾಲ್‌ನಲ್ಲಿ ಕೂರ್ತೀವಪ್ಪ. ಮಾತಾಡ್ತೀವಿ."

ಆಯ್ತು ಸಾರ್ ಎಂದೆ. ಬಾಯಿಂದ ಬಂದುಬಿಟ್ಟಿತು.

ಆಗಸ್ಟ್ 14, ಸಂಜೆ

ಟೀಮಿನ ಇನ್‌ಸ್ಟಾಗ್ರಾಂಗೆ ವಿಡಿಯೋ ತೆಗೆದರು. ಬ್ಯಾಗ್ ಹಿಡಿದು ಹೋಟೆಲಿನಿಂದ ಹೊರಗೆ ಹೋಗಬೇಕು. ಹೋದೆ. "ಸಾರ್, ಎಡಗಾಲು ಸಾರ್, ನೀವು ಬಲಗಾಲು ಕುಂಟ್ತಿದೀರ" ಎಂದಳು ಕ್ಯಾಮೆರಾ ಹಿಡಿದ ಹುಡುಗಿ. ಎರಡನೇ ಸಲ ಜಾಸ್ತಿಯಾಯಿತಂತೆ. ಮೂರನೇ ಸಲ ಓಕೆ. ಎದೆ ಮುಟ್ಟಿಕೊಂಡು ಕೈ ಬೀಸಿ ಎಂದಳು. ಬೀಸಿದೆ.

ಕ್ಯಾಬ್‌ನಲ್ಲಿ ಬರುವಾಗ ಆ ವಿಡಿಯೋ ನೋಡಿದೆ. ಬೇಗ ಗುಣವಾಗಿ ಬನ್ನಿ ಎಂದು ಬರೆದಿದ್ದರು. ಅದರ ಕೆಳಗೇ ಇನ್ನೊಂದು ಫೋಟೋ. ನಮ್ಮ ಹೊಸ ಲೆಗ್ ಸ್ಪಿನ್ನರ್‌ಗೆ ಸ್ವಾಗತ.

ಓವೈಸ್.

ಹೊಟ್ಟೆ ಉರಿದುಹೋಯಿತು. ಬೇರೆ ಯಾರಾಗಿದ್ದರೂ ಸಹಿಸುತ್ತಿದ್ದೆ. ಅಷ್ಟರಲ್ಲಿ ಅವನದೇ ಫೋನ್. ಅಳುತ್ತಿದ್ದ. "ಮಗಾ, ನಿನ್ ಕಾಲು ಹಿಂಗಾಗಿ ನಂಗೆ ಚಾನ್ಸ್ ಬಂತಲ್ಲ, ಹೆಂಗೆ ಖುಷಿ ಪಡ್ಲಿ ಹೇಳು. ಅಮ್ಮೀ ನಿಂಗೋಸ್ಕರ ದುವಾ ಮಾಡ್ತಿದ್ದಾಳೆ."

"ಹೊಟ್ಟೆ ಒಳಗೆ ಎಳ್ಕೊಂಡು ಆಡು" ಎಂದು ಇಟ್ಟೆ.

ಆಗಸ್ಟ್ 16

ಸುಕನ್ಯಳಿಗೆ ನಿಜ ಗೊತ್ತು. ಅಮ್ಮನಿಗೆ ಗೊತ್ತಿಲ್ಲ. ಹಾಗಾಗಿ ಮನೆಯಲ್ಲೂ ಕುಂಟುವ ಕೆಲಸ. ನೆನ್ನೆ ಅಮ್ಮ ಎಣ್ಣೆ ಕಾಯಿಸಿ ತಿಕ್ಕಿದಳು. ಇವತ್ತು ಮೂಳೆಗೆ ಕಟ್ಟು ಹಾಕುವ ಪೀರಪ್ಪನನ್ನೇ ಮನೆಗೆ ಕರೆಸಿದಳು. ಅವನು ಪಾದ ಹಿಡಿದು, ಕಣ್ಣು ಮುಚ್ಚಿ, ಬೆರಳಿನಿಂದ ಒತ್ತಿ ಒತ್ತಿ ನೋಡಿದ.

"ಇಲ್ಲೇ ಜರುಗೈತೆ ನೋಡಮ್ಮ. ಇನ್ನೆರಡು ದಿನ ಬಿಟ್ಟಿದ್ರೆ ಕಾಲೇ ಸೊಟ್ಟಗಾಯ್ತಿತ್ತು."

"ನೋಡ್ದೇನ್ಲಾ ಮುನಿ? ಆ ಡಾಕ್ಟ್ರುಗಳಿಗೆ ಏನ್ ಗೊತ್ತಾಯ್ತದೆ" ಎಂದಳು ಅಮ್ಮ.

ಒಂದು ಸಲ ಲಟಕ್ಕೆಂದು ತಿರುಚಿದ. ಕಿರುಚಿಬಿಟ್ಟೆ. ಮೊಟ್ಟೆ, ಸೊಪ್ಪು, ಬಿದಿರಿನ ದಬ್ಬೆ ಇಟ್ಟು ಕಟ್ಟಿ ಹೋದ. ಅಡುಗೆಮನೆಯಲ್ಲಿ ಸುಕನ್ಯ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆಮೇಲೆ ನೋಡಿದರೆ ಅಳುತ್ತಿದ್ದಳು.

"ಯಾಕ್ರೀ ಒಪ್ಕೊಂಡ್ರಿ?"

ಅವಳ ಮೇಲೆ ರೇಗಿದೆ. ಬೇರೆ ಯಾರ ಮೇಲೆ ರೇಗಲಿ?

ಆಗಸ್ಟ್ 18

ಓವೈಸ್‌ಗೆ ನಾಲ್ಕು ವಿಕೆಟ್. ನೀಲಿ ಗೆದ್ದಿತು. ಮೈಕಿನ ಮುಂದೆ ನಿಂತು, "ಈ ಅವಾರ್ಡು ನಮ್ ಮುನಿರಾಜ್‌ಗೆ, ಗಾಯ ಆಗಿ ಮನೇಲಿದ್ದಾನೆ" ಎಂದ. ಅಮ್ಮ ಕಣ್ಣೊರೆಸಿಕೊಂಡಳು. ಬೀದಿಯವರು ಚಪ್ಪಾಳೆ ತಟ್ಟಿದರು. ನನಗೆ ಅವನ ಬಾಯಿ ಮುಚ್ಚಿಸಬೇಕು ಎನ್ನಿಸಿತು. ಒಳ್ಳೆಯತನವೂ ಇಷ್ಟು ಚುಚ್ಚುತ್ತದೆ ಎಂದು ಗೊತ್ತಿರಲಿಲ್ಲ.

ಆಗಸ್ಟ್ 20, ಸಂಜೆ

ಪ್ರಾಕ್ಟೀಸಿನಲ್ಲಿ ಆ ಇಪ್ಪತ್ತೆರಡರ ಹುಡುಗನ ಬೆರಳು ಮುರಿದಿದೆ. ನಿಜವಾಗಿಯೂ ಮುರಿದಿದೆ. ನಾಳೆ ಸೋತರೆ ಟೀಮ್ ಮನೆಗೆ. ಇನ್ನೊಬ್ಬ ಕೀಪರ್ ಇಲ್ಲ. ಇದ್ದ ಒಂದು ಬದಲಿ ಮುಗಿದಿದೆ.

ಕಟ್ಟು ಕಿತ್ತು ಬಿಸಾಡಿದೆ. ಸಂಜೀವಪ್ಪನವರಿಗೆ ಫೋನ್ ಮಾಡಿದೆ.

"ಸಾರ್, ನಾನು ಬರ್ತೀನಿ. ನನ್ ಕಾಲು ಸರಿ ಇದೆ."

"ಇಲ್ಲಪ್ಪ. ಸರಿ ಇಲ್ಲ."

"ಸಾರ್, ನಿಮಗೇ ಗೊತ್ತಲ್ಲ..."

"ನಂಗೇನೂ ಗೊತ್ತಿಲ್ಲ."

ಹಾಗಾದರೆ ಲೀಗ್ ಆಫೀಸಿಗೆ ಹೋಗಿ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ ಎಂದೆ. ಆ ಕಡೆಯವರ ದನಿ ಏರಲೇ ಇಲ್ಲ.

"ಹೇಳು. ಸುಳ್ಳು ಗಾಯ ಹೇಳ್ದೋನು ಅಂತ ನಿನ್ನ ಆಚೆ ಹಾಕ್ತಾರೆ. ಆ ಸುಳ್ಳಿಂದ ಬಂದೋನು ಅಂತ ನಿನ್ ಸ್ನೇಹಿತನ್ನೂ ಹಾಕ್ತಾರೆ. ನಾಳೆ ಮ್ಯಾಚ್ ನಿಂಗೂ ಇಲ್ಲ, ಅವನಿಗೂ ಇಲ್ಲ. ಯೋಚ್ನೆ ಮಾಡು. ಅದಿರ್ಲಿ, ನಿನ್ ಗ್ಲೌಸ್ ಯಾವ ಸೈಜು?"

"ಏನ್ ಸಾರ್?"

"ಓಪನರ್ ಕೈಲಿ ಕೀಪಿಂಗ್ ಮಾಡಿಸ್ತಿದ್ದೀವಿ. ಆ ಹುಡುಗನ ಗ್ಲೌಸ್ ಬಿಗಿ ಆಗುತ್ತೆ. ನಿಂದು ಕಳಿಸು. ಓವೈಸ್ ಬಂದು ಇಸ್ಕೊಳ್ತಾನೆ."

ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ಲೀಗ್ ಆಫೀಸಿಗೆ ಹೋಗುವುದೇ. ಹಾಳಾದರೆ ಎಲ್ಲರೂ ಹಾಳಾಗಲಿ. ಓವೈಸ್‌ನನ್ನು ಮೊದಲು ಕೇಳಬೇಕು. ಅವನು ನನ್ನ ಕಡೆ ನಿಲ್ಲುತ್ತಾನೆ. ಅಷ್ಟು ವರ್ಷದ ಸ್ನೇಹ.

ಆಗಸ್ಟ್ 21, ಬೆಳಿಗ್ಗೆ

ಓವೈಸ್ ಬಂದಿದ್ದ. ಗೇಟಿನಲ್ಲಿ ಟೀಮಿನ ಕಾರು. ಹಾರ್ನ್ ಕೇಳಿದವನೇ ಮೆಟ್ಟಿಲು ಹಾರಿಕೊಂಡು ಇಳಿದೆ. ಕುಂಟುವುದು ಮರೆತೇಹೋಗಿತ್ತು. ಅವನು ನನ್ನ ಕಾಲನ್ನೇ ನೋಡುತ್ತಾ ನಿಂತ.

"ಯಾವ್ ಕಾಲು ಮಗಾ?"

ಎಲ್ಲ ಹೇಳಿದೆ. ಸಂಜೀವಪ್ಪ, ಫಿಸಿಯೋ, ವಿಡಿಯೋ, ಗೇಟಿನ ಪಕ್ಕದಲ್ಲೇ ನಿಂತು ಎಲ್ಲ. ಲೀಗ್ ಆಫೀಸಿಗೆ ಹೊರಟಿದ್ದೇನೆ, ಬಾ ಎಂದೆ. ಬೈಯುತ್ತಾನೆ, ಕೂಗಾಡುತ್ತಾನೆ, ನನ್ನ ಜೊತೆ ಬರುತ್ತಾನೆ ಎಂದುಕೊಂಡೆ. ಅವನು ಕಾರಿನ ಕಡೆ ಒಮ್ಮೆ ನೋಡಿದ. ಡ್ರೈವರ್ ಗಾಜು ಏರಿಸಿಕೊಂಡಿದ್ದ.

"ಹೇಳಿದ್ರೆ ನನ್ ಪ್ಲೇಸ್ ಹೋಗುತ್ತಲ್ವಾ?"

"ಹೋಗುತ್ತೆ."

"ಅಮ್ಮೀ ಇವತ್ತು ಸ್ಟೇಡಿಯಂಗೆ ಬರ್ತಾಳೆ ಮುನಿ. ಫಸ್ಟ್ ಟೈಮ್."

ಅಷ್ಟೇ. ಜಗಳವಿಲ್ಲ, ಬೇಡಿಕೊಂಡದ್ದೂ ಇಲ್ಲ. ಒಳಗೆ ಹೋಗಿ ಗ್ಲೌಸ್ ತಂದೆ. ಇಸಿದುಕೊಂಡ. ಎದುರು ಮನೆಯ ಇಬ್ಬರು ಹೆಂಗಸರು ಹೂವಿನ ಗಾಡಿ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದರು. ಓವೈಸ್ ನನ್ನ ಹೆಗಲು ಬಳಸಿ, ರೋಗಿಯನ್ನು ಹಿಡಿದುಕೊಳ್ಳುವ ಹಾಗೆ ಹಿಡಿದುಕೊಂಡು, ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

"ಕುಂಟು ಮಗಾ. ಜನ ನೋಡ್ತಿದ್ದಾರೆ."

ಕುಂಟಿದೆ. ಮೆಟ್ಟಿಲವರೆಗೂ ಬಿಟ್ಟು ಹೋದ.

ಆಗಸ್ಟ್ 21, ಸಂಜೆ 7.20

ಲೀಗ್ ಆಫೀಸಿಗೆ ಹೋಗಲಿಲ್ಲ. ಕೆಳಗಿನ ಹಾಲ್‌ನಲ್ಲಿ ಅರ್ಧ ಬೀದಿ ಸೇರಿದೆ. ಬಾಡಿಗೆಯವರೂ ಬಂದಿದ್ದಾರೆ. ಅಮ್ಮ ನನಗೆಂದು ಕುರ್ಚಿ ಹಾಕಿಸಿ, ಮುಂದೆ ಸ್ಟೂಲು, ಸ್ಟೂಲಿನ ಮೇಲೆ ದಿಂಬು ಇಡಿಸಿದ್ದಾಳೆ. ಪೀರಪ್ಪನನ್ನು ಬೇರೆ ಕರೆದಿದ್ದಾಳೆ. ಕಟ್ಟು ಯಾಕೆ ಬಿಚ್ಚಿದೆ ಎಂದು ಅವನು ಬೈಯುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ನಮ್ಮವರು ಟಾಸ್ ಗೆದ್ದರಂತೆ. ಫೀಲ್ಡಿಂಗ್ ಅಂತೆ.

"ಏ ಮುನಿ, ಬಾರ್ಲಾ, ಓವೈಸ್‌ನ ತೋರುಸ್ತಾವ್ರೆ" ಎಂದು ಅಮ್ಮ ಕೂಗುತ್ತಿದ್ದಾಳೆ. ಸುಕನ್ಯ ಬಾಗಿಲಲ್ಲಿ ನಿಂತಿದ್ದಾಳೆ. ಇಳಿಯಬೇಕು. ಎಲ್ಲರೂ ಮೆಟ್ಟಿಲ ಕಡೆಯೇ ನೋಡುತ್ತಿರುತ್ತಾರೆ. ಎಡಗಾಲನ್ನು ಮೊದಲು ಇಡಬೇಕು, ಮೆಲ್ಲಗೆ, ಕುಂಟುತ್ತಾ.